ಆಕಳು ಹಾಡಿದ ಪುಸ್ತಕ

ಕೋಡಿಬಾಗ, ಕಾರವಾರ
ರವಿವಾರ, ಜುಲೈ ೩೦, ೨೦೦೬

ಪ್ರೀತಿಯ ನೀತಾ,

ಒಂದು ಮಾತನ್ನು ಬಿಟ್ಟೇ ಈ ಕಾಗದ ಮುಗಿಸುವವಳಿದ್ದೆ. ಎರಡು ಹಾಳೆ ಬರೆದು ಹರಿದುಹಾಕಿದ ಮೇಲೆ, ಅದನ್ನೇ ಮೊದಲು ಬರೆಯಬೇಕು ಅನ್ನಿಸಿತು. ಆಯಿಗೆ ಕಿವಿ ಕೇಳುವುದಿಲ್ಲ. ಮಂದವಾಗಿದೆ ಎಂದಲ್ಲ, ಕೇಳುವುದೇ ಇಲ್ಲ. ಹೋದ ದೀಪಾವಳಿಯಲ್ಲಿ ಅಂಗಳದಲ್ಲೇ ಪಟಾಕಿ ಹೊಡೆದರೂ ಅವಳು ತಿರುಗಿ ನೋಡಲಿಲ್ಲ, ಆಗ ನನಗೆ ಗೊತ್ತಾಯಿತು. ನರ ಸೋತಿದೆ, ಔಷಧವಿಲ್ಲ ಅಂದರು ಡಾಕ್ಟರು. ಕಿವಿಗೆ ಮಷಿನ್ ಹಾಕಿಸಿದೆ. ಎರಡು ದಿನ ಇಟ್ಟುಕೊಂಡಳು. "ಮೀನ್ ಪೇಟೆ ಪೂರಾ ಒಂದ್ ಡಬ್ಬಿಲಿ ತುಂಬಿ ಅಲ್ಲಾಡ್ಸದಂಗೆ ಆಗ್ತದೆ" ಎಂದು ತೆಗೆದು ಹೆಸರುಕಾಳಿನ ಡಬ್ಬದಲ್ಲಿ ಇಟ್ಟಳು. ಅದು ಇನ್ನೂ ಅಲ್ಲೇ ಇದೆ.

ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಕೇಳೂದಿಲ್ಲ ಅಂತ ಗೊತ್ತಾದ್ರೆ ಅದು ಫೋನ್ ಮಾಡೂದೇ ಬಿಡ್ತದೆ. ರಿಸೀವರ್ ಕಿವಿಗೆ ಹಿಡ್ಕಂಡ್ರೆ ನನ್ ಮಗಳು ಅಲ್ಲೇ ಅದೆ ಅಂತ ಗೊತ್ತಾಗ್ತದೆ. ಅಷ್ಟು ಸಾಕು ನಂಗೆ" ಅಂದಳು. ನಾನು ಒಪ್ಪಿದೆ. ಸರಿಮಾಡಿದೆನೋ ತಪ್ಪುಮಾಡಿದೆನೋ ಎಂದು ಆಗ ಕೇಳಿಕೊಳ್ಳಲಿಲ್ಲ. ಈಗ ದಿನಾ ಕೇಳಿಕೊಳ್ಳುತ್ತೇನೆ.

ಏಪ್ರಿಲ್‌ನಿಂದ ನೀನು ಫೋನ್ ಮಾಡಿಲ್ಲ. ನಾನು ಮಾಡಿದಾಗಲೆಲ್ಲ ನಿನ್ನ ಯಜಮಾನರು ತುಳಸಿದಾಸರೇ ಎತ್ತಿ "ಮಲಗಿದ್ದಾಳೆ ಅಕ್ಕಾ" ಅನ್ನುತ್ತಿದ್ದರು. ಯಾವ ತಂಗಿ ಸಂಜೆ ಆರಕ್ಕೆ ಮಲಗುತ್ತಾಳೆ ಎಂದು ನಾನು ಆಗಲೇ ಕಾಗದ ಬರೆಯಬೇಕಿತ್ತು. ಪರೀಕ್ಷೆ, ಶಾಲೆಯ ಅಡ್ಮಿಷನ್ನು ಎಂದು ನನಗೆ ನಾನೇ ನೆಪ ಹೇಳಿಕೊಂಡು ತಡಮಾಡಿದೆ, ಕ್ಷಮಿಸು. ನೀನು ಯಾಕೆ ನಿಲ್ಲಿಸಿದೆ ಎಂಬುದು ನನಗೀಗ ಗೊತ್ತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಗೆ ಹೋಗುವ ದಾರಿ ಒಂದು ಖುಷಿಯ ಸುದ್ದಿಯ ಮೇಲಿಂದಲೇ ಇದೆ. ಅದನ್ನು ಹೇಳದೆ ಇನ್ನೊಂದನ್ನು ಹೇಳಲು ನನಗೆ ಬರುವುದಿಲ್ಲ.

ನೀತಾ, ನಮ್ಮ ಆಯಿ ಪುಸ್ತಕ ಓದುತ್ತಿದ್ದಾಳೆ.

ಬೆಲೇಕೇರಿಯ ಶಾಲೆಯಲ್ಲಿ ಎರಡನೇ ಇಯತ್ತೆಗೇ ಬಿಟ್ಟವಳು, ಬಸ್ಸಿನ ಬೋರ್ಡು ಬಿಟ್ಟು ಇನ್ನೇನನ್ನೂ ಓದದವಳು, ಮೇ ತಿಂಗಳಲ್ಲಿ ಒಂದು ದಿನ ಬಂಗಡೆ ಕೊಯ್ಯುತ್ತ ಕೂತಿದ್ದಾಗ, "ನಂಗೆ ಸಮಾ ಓದೂಕೆ ಕಲ್ಸು. ಊರ್ ಮಕ್ಕಳಿಗೆ ಕಲಿಸ್ತೆ, ತಾಯಿಗೆ ಕಲ್ಸೂಕೆ ಆಗೂದಿಲ್ಲನ?" ಅಂದಳು. ಹೊತ್ತು ಹೋಗುವುದಿಲ್ಲ ಪಾಪ, ಎಂದುಕೊಂಡೆ ನಾನು.

ಮೊದಲು ನಮ್ಮ ಶಾಲೆಯಿಂದ ದೊಡ್ಡ ಅಕ್ಷರದ, ಚಿತ್ರವಿರುವ ಚಿಕ್ಕ ಪುಸ್ತಕಗಳನ್ನು ತಂದೆ. ಸುಳ್ಳು ಹೇಳಬಾರದು, ಹಲ್ಲು ಉಜ್ಜಬೇಕು, ಅಂಥವು. ಎರಡು ಪುಟ ನೋಡಿ ನನ್ನ ಕಡೆ ತಳ್ಳಿದಳು. "ನಾನೇನ್ ಬಾಲವಾಡಿಗೆ ಹೋಗ್ತೆನ? ಇದ್ದದ್ದೇ ನಾಕ್ ಹಲ್ಲು."

ಆಮೇಲೆ ದೇವರ ಕಥೆಗಳು. ಆಹಾ, ಏನು ಓಟ ಅಂತೀ! ಪುಟಕ್ಕೆ ಪುಟ ಸರಸರ ಓದಿದಳು. ಚಿತ್ತಾಕುಲದ ನಮ್ಮ ಶಾಲೆಗೆ ಹೋಗಿ ಎಲ್ಲರ ಮುಂದೆ ಹೇಳಿಕೊಂಡೆ ಕೂಡ. ಆದರೆ ಒಂದು ಸಂಜೆ ನೋಡುತ್ತೇನೆ, ಬಾಯಿ ಓದುತ್ತಿದೆ, ಕಣ್ಣು ಕಿಟಕಿಯ ಹೊರಗೆ ಪಕ್ಕದ ಮನೆ ನಾಗಿಯ ಕೋಳಿಯ ಮೇಲಿದೆ. ಕಥೆ ಗೊತ್ತಿತ್ತಲ್ಲ, ಮೊದಲ ಎರಡು ಅಕ್ಷರ ಹಿಡಿದು ಉಳಿದದ್ದನ್ನು ಹೇಳಿಕೊಂಡು ಹೋಗುತ್ತಿದ್ದಳು. ಓದುತ್ತಿರಲಿಲ್ಲ, ಊಹಿಸುತ್ತಿದ್ದಳು.

ಊಹಿಸಲು ಬಾರದ ಪುಸ್ತಕ ಯಾವುದು? ಇಡೀ ವಾರ ಬಸ್ಸಿನಲ್ಲಿ ಕಾಳಿ ಸೇತುವೆ ದಾಟುವಾಗ ಇದೇ ಯೋಚನೆ. ಒಂದು ದಿನ ನಮ್ಮ ಟ್ರಂಕು ನೆನಪಾಯಿತು. ನೀನೂ ನಾನೂ ಕಾನ್ವೆಂಟಿನಿಂದ ತಂದು ಅದರಲ್ಲಿ ಬಚ್ಚಿಡುತ್ತಿದ್ದ ಹಳೆಯ ಇಂಗ್ಲಿಷ್ ಪುಸ್ತಕಗಳು, ಮೋಡದ ಮೇಲಿನ ಊರು, ಮಾತಾಡುವ ಬಾಗಿಲು, ನೆರಳು ಕದಿಯುವ ಕಳ್ಳ. ಮುಂದಿನ ಸಾಲಿನಲ್ಲಿ ಏನು ಬರುತ್ತದೆಂದು ಯಾರಿಗೂ ಗೊತ್ತಾಗದ ಪುಸ್ತಕಗಳು ಅವೇ ಅಲ್ಲವೇ? ಮಕ್ಕಳಿಗೆಂದು ಬರೆದವು ಅಂದುಕೊಂಡಿದ್ದೆವು. ಹೊಸದಾಗಿ ಓದುವ ಮುದುಕಿಗೂ ಅವೇ ಬೇಕಿದ್ದವು.

ಲೈಬ್ರರಿಯ ಜಾನಕಿಗೆ ಹೇಳಿದೆ. ನೆನಪಿದೆಯಲ್ಲ, ನಿನ್ನ ಕ್ಲಾಸಿನ, ಎರಡು ಜಡೆಯ ಜಾನಕಿ? ಈಗ ಅಲ್ಲಿ ಕೆಲಸಕ್ಕಿದ್ದಾಳೆ. "ಕನ್ನಡಕ್ಕೆ ಬಂದದ್ದು ಬೇಕು, ಹಳೇದಾಗಬೇಕು, ನೀತಿ ಇರಬಾರದು" ಅಂದೆ. "ನೀತಿ ಇಲ್ದೇ ಇರೂದು ಬೇಕು ಅಂತ ಕೇಳ್ದ ಮೊದಲ್ನೇ ಟೀಚರು ನೀವೇ" ಎಂದು ನಗುತ್ತ ಹಿಂದಿನ ಕಪಾಟು ತೆಗೆದಳು. ಶನಿವಾರ ಮಧ್ಯಾಹ್ನವೆಲ್ಲ ನಾವಿಬ್ಬರೂ ನೆಲದ ಮೇಲೆ ಕೂತು ಆರಿಸಿದೆವು. ಯುದ್ಧವೇ ತುಂಬಿದ್ದು ಬೇಡ. ಅಕ್ಷರ ಸಣ್ಣದಿದ್ದದ್ದು ಬೇಡ. ಒಂದಕ್ಕೆ ನಾನು ಬಹಳ ಆಸೆಪಟ್ಟೆ, ಏಳು ರಾಜ್ಯ, ಮೂರು ತಲೆಮಾರು. ಅದನ್ನು ತಂದೇಬಿಟ್ಟೆ. ಆಯಿ ಮೊದಲ ಪುಟ ಮುಗಿಸಿ ಕನ್ನಡಕ ತೆಗೆದಳು. "ಇಷ್ಟ್ ಹೆಸ್ರು ಯಾರ್ ನೆಂಪಿಡೂದು? ಮದ್ವೆ ಮನೆನ ಇದು?" ಅವಳಿಗಾಗಿ ಆರಿಸುತ್ತಿದ್ದೇನೋ ನನಗಾಗಿಯೋ ಎಂದು ಆವತ್ತು ಅನುಮಾನ ಬಂತು.

ಎರಡನೆಯದು ಹಿಡಿಯಿತು. ಅದರಲ್ಲಿ ಒಬ್ಬ ಬಡ ಹೆಂಗಸಿನ ಅಂಗಳಕ್ಕೆ ಯಾರದೋ ಆಕಳು ಬರುತ್ತದೆ. ಆಯಿ ಬೆರಳಿಟ್ಟು ಓದಿದಳು, "ಆಕಳು ಅಂಗಳಕ್ಕೆ ಬಂದು ಹುಲ್ಲು ತಿಂತು."

ನಾನು ಅವಳ ಬೆರಳನ್ನು ಹಿಂದಕ್ಕೆ ಸರಿಸಿದೆ. ಮತ್ತೆ ಓದಿದಳು. "ಆಕಳು... ಅಂಗಳಕ್ಕೆ ಬಂದು... ಹಾ... ಹಾಡ... ತೊಡಗಿತು." ತಲೆಯೆತ್ತಿ ನನ್ನನ್ನು ನೋಡಿದಳು.

"ಸುಳ್ಳು."

ಪುಸ್ತಕದಲ್ಲಿ ಹಾಗೇ ಇದೆ ಎಂದು ಕೈಮಾಡಿ ತೋರಿಸಿದೆ.

ಮೂರನೆಯ ಸಲ ಓದಿದಳು, ಒಂದೊಂದೇ ಅಕ್ಷರ, ಮೀನಿನ ಮುಳ್ಳು ಬಿಡಿಸುವ ಹಾಗೆ. ಆಮೇಲೆ, "ಎಂತ ಹಾಡು ಅಂತ ಬರ್ದಿದಾರೆ ನೋಡ್ವ, ತಡೆ" ಎಂದು ಪುಟ ತಿರುವಿದಳು. ನೀತಾ, ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ನಾನು ಅಂಥ ಮುಖ ನೋಡಿಲ್ಲ. ಆ ಹಾಡಿಗಾಗಿ ಅವಳು ಓದಿದಳು. ಊಹಿಸಿದರೆ ಸಿಗುವಂಥದ್ದಲ್ಲವಲ್ಲ ಅದು.

ಅಲ್ಲಿಂದ ನಿಲ್ಲಿಸಿದವಳಲ್ಲ. ಒಂದರಲ್ಲಿ ನಾವಿಕರು ದ್ವೀಪವೆಂದು ಇಳಿದು ಒಲೆ ಹಚ್ಚುತ್ತಾರೆ, ಅದು ಮಲಗಿದ ಮೀನು. ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇವ್ರಿಗೆ ವಾಸ್ನೆನೂ ಬರ್ಲಿಲ್ಲನ?" ನಗುತ್ತಲೇ ಓದಿದಳು, ಅನ್ನ ತಳಹಿಡಿಯಿತು. ತನ್ನ ದನಿ ತನಗೆ ಕೇಳಿಸುವುದಿಲ್ಲ ನೋಡು, ಪೇಟೆಯಲ್ಲಿ ಮೀನು ಕೂಗಿ ಮಾರುತ್ತಿದ್ದ ದನಿಯಲ್ಲೇ ಓದುತ್ತಾಳೆ. ಇಡೀ ಕೇರಿಗೆ ಕೇಳಿಸುತ್ತದೆ. ಬೋಟುಗಳೆಲ್ಲ ದಡದಲ್ಲಿವೆ, ಮಳೆ, ಯಾರಿಗೂ ಕೆಲಸವಿಲ್ಲ. ನಾಗಿ ಬಲೆಯ ರಾಶಿ ಎತ್ತಿಕೊಂಡು ಬಂದು ನಮ್ಮ ಜಗಲಿಯಲ್ಲೇ ಕೂತು ಹೊಲಿಯುತ್ತಾಳೆ. ಮೊನ್ನೆ ಬೇಲಿಯ ಆಚೆಯಿಂದಲೇ ನನ್ನನ್ನು ಹಿಡಿದಳು. "ಲತಕ್ಕಾ, ನಿಮ್ಮಾಯಿ ನಿನ್ನೆ ಅರ್ಧಕ್ಕೇ ಬಿಟ್ಬಿಟ್ಟಳು. ಆ ಹುಡ್ಗಿ ಗಡಿಗೆ ಬಾಯಿ ಬಿಚ್ಚಿತ, ಇಲ್ಲನ? ಅಷ್ಟ್ ಹೇಳಿ ಶಾಲೆಗೆ ಹೋಗಿ. ನಂಗೆ ರಾತ್ರಿ ನಿದ್ದೆ ಇಲ್ಲ."

ಗಡಿಗೆ ಅಂದಾಗ ನಿನಗೆ ಗೊತ್ತಾಗಿರಬೇಕು. ಹೌದು, ಅದೇ! ಗಾಳಿಯನ್ನು ಗಡಿಗೆಯಲ್ಲಿ ತುಂಬಿ ನಾವಿಕರಿಗೆ ಮಾರುವ ಮುದುಕಿ, ಅವಳ ಎಲ್ಲಕ್ಕಿಂತ ಚಿಕ್ಕ ಗಾಳಿಯನ್ನು ಕದ್ದು ಓಡುವ ಹುಡುಗಿ. ನಮ್ಮ ಟ್ರಂಕಿನ ಹಸಿರು ರಟ್ಟಿನ ಪುಸ್ತಕ. ಅದು ಕನ್ನಡದಲ್ಲಿ ಬಂದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಜಾನಕಿ ಕೈಗಿತ್ತಾಗ ಅಲ್ಲೇ ಕುಣಿಯುವುದೊಂದು ಬಾಕಿ.

ಆದರೆ ಲೈಬ್ರರಿಯಲ್ಲಿರುವುದು ಮೊದಲ ಭಾಗ ಮಾತ್ರ. ಹುಡುಗಿ ಗಡಿಗೆಯ ಬಾಯಿ ಬಿಚ್ಚುತ್ತಾಳೆ, ಚಿಕ್ಕ ಗಾಳಿ ಹೊರಗೆ ಬಂದು ಯಾವ ಕಡೆ ಮನೆ ಎಂದು ತಿಳಿಯದೆ ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು. ಎರಡನೆಯ ಭಾಗವನ್ನು ಯಾರೋ ಒಯ್ದವರು ತಿರುಗಿ ತಂದಿಲ್ಲ. ಅಂಕೋಲೆಯ ಲೈಬ್ರರಿಗೂ ಹೋಗಿ ಬಂದೆ, ಅಲ್ಲೂ ಇಲ್ಲ. ಇಂಗ್ಲಿಷ್ ಪುಸ್ತಕದ ಕೊನೆಯ ಅರ್ಧವನ್ನು ಗೆದ್ದಲು ತಿಂದಿದೆ. ನಾನು ಬಿರುಗಾಳಿಯ ಅಧ್ಯಾಯಕ್ಕೆ ಹೆದರಿ ಅಲ್ಲೇ ಬಿಟ್ಟವಳು. ಪೂರ್ತಿ ಓದಿದವಳು ನೀನು. ಹತ್ತು ಸಲವಾದರೂ ಓದಿದ್ದೆ.

ಹಾಗಾಗಿ ನಿನಗೊಂದು ಕೆಲಸ. ಉಳಿದ ಕಥೆಯನ್ನು ನೀನು ಆಯಿಗೆ ಬರೆಯಬೇಕು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಕಾಗದಕ್ಕೆ ಒಂದು ಅಧ್ಯಾಯದಂತೆ. ನೆನಪಿಲ್ಲದ ಕಡೆ ನಿನಗೆ ತೋಚಿದ್ದು ಬರೆ, ಯಾರೂ ತಾಳೆ ನೋಡುವುದಿಲ್ಲ. ನಾಗಿ ಆಗಲೇ ಕೇಳಿದಳು, "ನೀತಕ್ಕನ ಕಾಗದ ರತ್ನಾಗಿರಿಯಿಂದ ಬರೂಕೆ ಎಷ್ಟು ದಿನ ಬೇಕು?"

ಆಯಿಯ ಮಂಡಿ ನೋವು ಹಾಗೇ ಇದೆ, ಉಳಿದಂತೆ ಗಟ್ಟಿ. ಇಲ್ಲಿ ಮಳೆ ಚೆನ್ನಾಗಿದೆ. ತುಳಸಿದಾಸರಿಗೆ ನನ್ನ ನಮಸ್ಕಾರ. ನಿನ್ನ ಮೈ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗಿಂತ ಐದು ವರ್ಷ ಮೊದಲು ಹುಟ್ಟಿದ್ದರಿಂದ ಏನಾದರೂ ಪುಣ್ಯ ನನ್ನ ಪಾಲಿಗೆ ಬಂದಿದ್ದರೆ, ಅದಿಷ್ಟೂ ನಿನ್ನ ತಲೆಯ ಮೇಲಿರಲಿ.

ನಿನ್ನ ಅಕ್ಕ,
ಲತಾ

ತಾ. ಕ.: ಹೋದ ವಾರ ತುಳಸಿದಾಸರು ನಮ್ಮ ಶಾಲೆಗೆ ಫೋನ್ ಮಾಡಿದ್ದರು. ನಿನಗೆ ತಿಳಿಸದೆ ಮಾಡಿದ್ದು, ಅವರ ಮೇಲೆ ಸಿಟ್ಟಾಗಬೇಡ. ಐದು ತಿಂಗಳು ಯಾರಿಗೂ ಹೇಳದೆ ಹೊತ್ತ ಮಗು ಉಳಿಯಲಿಲ್ಲ ಎಂಬುದನ್ನು ನೀನು ಮೊದಲು ಹೇಳಿದ್ದು ಆಯಿಗೆ, ಆ ರವಿವಾರದ ಫೋನಿನಲ್ಲಿ. ಆಯಿ "ಒಳ್ಳೇದೇ ಆಯ್ತು ಮಗಾ" ಅಂದಳು.

ಊಟ ಆಯಿತೇ, ಮಂಡಿ ಹೇಗಿದೆ, ಆಮೇಲೆ ನಿಮ್ಮ ಬೋಟಿಗೆ ಆ ವಾರ ಏನು ಸಿಕ್ಕಿತು. ನೀನು ಮಾತಾಡುವ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು. ಬೋಟಿನ ಸುದ್ದಿಯ ಹೊತ್ತಿಗೆ ಬರಬೇಕಾದ ಉತ್ತರವನ್ನು ಕೊಟ್ಟಳು, ಅಷ್ಟೇ. ಅವಳು ಊಹಿಸುತ್ತಿದ್ದಳು ನೀತಾ. ನಿನ್ನ ಒಂದು ಶಬ್ದವೂ ಅವಳಿಗೆ ಮುಟ್ಟಿರಲಿಲ್ಲ. ನಾನು ಪಕ್ಕದಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಳ್ಳೆಯ ಮೀನು ಬಿದ್ದಿರಬೇಕು ಎಂದುಕೊಂಡೆ.

ಆಯಿಗೆ ಇದಾವುದೂ ಗೊತ್ತಿಲ್ಲ. ಮೇ ತಿಂಗಳಲ್ಲಿ ಓದು ಕಲಿಸು ಅಂದಳಲ್ಲ, ಯಾಕೆಂದು ಮೊನ್ನೆ ಹೇಳಿದಳು. "ನೀತಾ ಫೋನ್ ಬಿಟ್ತು. ಕಾಗ್ದ ಬರೀಬಹುದು. ಅದು ನಂಗೆ ಬರ್ದದ್ದು ನೀ ಓದಿ ಹೇಳೂದ್ ಬೇಡ, ನಾನೇ ಓದ್ತೆ." ನಾನು ಎದುರು ಕೂತು ಹೇಳಿದರೆ ಅವಳು ನನ್ನ ತುಟಿ ನೋಡಿ ಅರ್ಧ ಊಹಿಸುತ್ತಾಳೆ. ಈ ಒಂದು ಮಾತನ್ನು ಅವಳು ಊಹಿಸಬಾರದು. ನಾವು ಅಕ್ಕತಂಗಿಯರು ಯಾವಾಗಲೂ ಇಂಗ್ಲಿಷಿನಲ್ಲೇ ಬರೆದುಕೊಂಡವರು. ಈ ಸಲ ಕನ್ನಡದಲ್ಲಿ, ಇಷ್ಟು ದಪ್ಪ ಅಕ್ಷರದಲ್ಲಿ ಯಾಕೆ ಬರೆದೆ ಎಂದು ಈಗ ಗೊತ್ತಾಯಿತಲ್ಲ.

ಮನೆಯಲ್ಲಿ ಓದಿದರೆ ಕೇರಿಗೆಲ್ಲ ಕೇಳಿಸುತ್ತದೆ. ನೂಲಹುಣ್ಣಿಮೆಗೆ ಬೆಲೇಕೇರಿಗೆ ಹೋಗುತ್ತೇವೆ. ಕಡಲಿಗೆ ಪೂಜೆಯ ತೆಂಗಿನಕಾಯಿ ಬಿಟ್ಟ ಮೇಲೆ ಜನರಿಂದ ದೂರ ಕೂರಿಸಿ ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ. ಅಲ್ಲಿ ಎಷ್ಟು ಗಟ್ಟಿಯಾಗಿ ಓದಿದರೂ ತೆರೆಯ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳುತ್ತದೆ.

ಆಯಿ, ಇಲ್ಲಿಯವರೆಗೆ ಬಂದೆಯಾ? ಆಣೆ ಮುರಿದಿದ್ದೇನೆ, ಸಿಟ್ಟು ಆಮೇಲೆ ಮಾಡು. ಇದರ ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟಿದ್ದೇನೆ. ನೀತಾಗೆ ಹೇಳಬೇಕಾದದ್ದನ್ನು ನೀನೇ ಬರೆ.

ನೀತಾ, ಅಲ್ಲಿ ಏನು ಬರೆದರೂ, ಹೇಗೆ ಬರೆದರೂ, ನಾನು ತಿದ್ದುವುದಿಲ್ಲ. ಹುಣ್ಣಿಮೆಯ ಮರುದಿನ ಅಂಚೆಗೆ ಹಾಕುತ್ತೇನೆ: ಗುರುವಾರ, ಆಗಸ್ಟ್ ೧೦, ೨೦೦೬.