ಅಕ್ಷರದ ಗುಂಡಿಗಳ ಕೆಳಗೆ

ಇಳಕಲ್, ನವೆಂಬರ್ ೧೯೮೯

ಪ್ರಾಣೇಶ,

ನಮ್ಮ ಶಾಲೆಯ ಕಂಪ್ಯೂಟರ್ ಮೊನ್ನೆ ಚಾಲೂ ಆಯಿತು. ಗುಜರಿಗೆ ಹಾಕುತ್ತಿದ್ದುದನ್ನು, ನಿವೃತ್ತನಾದ ಮೇಲೆ ಹೊತ್ತು ಹೋಗಲೆಂದು ಮನೆಗೆ ತಂದಿದ್ದೆ. ತಿಂಗಳಿಡೀ ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ಒಳಗೆ ಯಾವುದೂ ಸುಟ್ಟಿರಲಿಲ್ಲ. ಅಕ್ಷರದ ಗುಂಡಿಗಳನ್ನು ಕಿತ್ತಾಗ ಅವುಗಳ ಕೆಳಗೆ ಮೂರು ಬಿಳಿ ಗೆರೆಗಳು ಗಟ್ಟಿಯಾಗಿ ಕೂತಿದ್ದವು. ವಿಭೂತಿ.

ಅದು ಬಂದ ವರ್ಷ, ದಸರೆಯ ಖಂಡೇಪೂಜೆಯ ದಿನ, ಅದರ ಗುಂಡಿಗಳ ಮೇಲೆ ಹಸಿ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದವನು ನಾನೇ. "ಲೇ ಹೊಳಬಸಪ್ಪ, ಹಣಿಗೆ ಹಚ್ಚಿದಂಗ ಹಚ್ಚಬ್ಯಾಡೋ, ನೀರು ಒಳಗ ಇಳೀತದ" ಎಂದು ನೀನು ನಕ್ಕಿದ್ದೆ.

ಮರುವಾರ ಯಂತ್ರ ನಿಂತಿತು. ವಿಜ್ಞಾನದ ಮಾಸ್ತರನಾದ ನೀನೇ ಬಿಚ್ಚಿ ಕೆಡಿಸಿದೆಯೆಂದು ಮೇಲಿನವರಿಗೆ ಬರೆದೆ. ಹೆಡ್‌ಮಾಸ್ತರನಾದ ನನ್ನ ಸಹಿ ಇತ್ತು, ಯಾರೂ ಮರುಪ್ರಶ್ನೆ ಕೇಳಲಿಲ್ಲ. ನಿನಗೆ ವರ್ಗವಾಯಿತು. ಆ ಊರಲ್ಲೇ ನೀನು ತೀರಿಕೊಂಡೆ.

ಅರಳೆಗೆ ಸ್ಪಿರಿಟ್ ಹಚ್ಚಿ ಮೂರೂ ಗೆರೆ ಒರೆಸಿದೆ. ಅದಕ್ಕೆ ಜೋಡಿಸಿದ ಟೀವಿಯ ಮೇಲೆ ಅಕ್ಷರಗಳು ಮೂಡಿದವು. ಸ್ವಲ್ಪ ಹೊತ್ತು ನೋಡಿ ಆರಿಸಿದೆ.

ಇವತ್ತು ಸಂತೆಯಲ್ಲಿ ನಿನ್ನ ಹೆಂಡತಿ, ಕುಮುದಿನಿ ವೈನಿ, ಸಿಕ್ಕಿದ್ದರು.

"ಆ ಮಷೀನು ಸುರು ಆತಂತಲ್ರಿ. ಏನಾಗಿತ್ರಿ ಅದಕ್ಕ?"

"ಧೂಳ ಕುಂತಿತ್ರಿ ವೈನಿ" ಎಂದೆ.