ಮೂರನೆಯ ಹೋಟೆಲಿನಲ್ಲಿ ಹೇಳಿದ ಸುಳ್ಳು

ಅಕ್ಕಾ,

ಬೆಳಿಗ್ಗೆ ಆರೂವರೆ. ನಿನ್ನೆ ಗೆಳೆಯರ ಮುಂದೆ ನಿನ್ನ ವಿಷಯದಲ್ಲಿ ಸುಳ್ಳು ಹೇಳಿದೆ.

ಪತ್ರಿಕೆಯ ನನ್ನ ಊಟದ ಅಂಕಣದಲ್ಲಿ ಹೊಗಳಿದ್ದ ಹೋಟೆಲುಗಳಿಗೇ ಮೂವರನ್ನೂ ಸುತ್ತಿಸಿದೆ. ಮೂರನೆಯ ಕಡೆ ಸಪ್ಲೈಯರ್, "ಅಕ್ಕ ಬರ್ಲಿಲ್ವಾ ಸಾರ್? ರುಚಿ ನೋಡಿ ಹೇಳೋರು ಅವರಲ್ವಾ?" ಎಂದ. "ಸುಮ್ನೆ ಜೊತೆಗೆ ಬರ್ತಾಳೆ, ಅಷ್ಟೆ" ಎಂದೆ. ಜ್ವರ ಬಂದು ನನ್ನ ನಾಲಿಗೆಯ ರುಚಿ ಹೋಗಿ ನಾಲ್ಕು ವರ್ಷವಾಯಿತೆಂದು ಹೇಳಲು ಬಾಯಿ ಬರಲಿಲ್ಲ.

ಹಾಲು ಕಾಯಿಸಿದ್ದೇನೆ. ಮಾತ್ರೆ ಮರೆಯಬೇಡ.

ಈಗಷ್ಟೇ ಆ ಮೂವರಿಗೂ ಫೋನ್ ಮಾಡಿ ನಿಜ ಹೇಳಿದೆ. "ಹಾಗಾದ್ರೆ ಇಷ್ಟು ದಿನ ನಾವು ಮೆಚ್ಚಿದ್ದು ಅಕ್ಕನ ನಾಲಿಗೇನಾ?" ಎಂದ ಅವರಲ್ಲೊಬ್ಬ, ಲಾಯರ್ ಗೆಳೆಯ. ಹನ್ನೆರಡಕ್ಕೆ ನಿನ್ನನ್ನು ಊಟಕ್ಕೆ ಕರೆದೊಯ್ಯಲು ಬರುತ್ತಾರಂತೆ. ನನ್ನನ್ನು ಕರೆಯಲಿಲ್ಲ.