ಹಾಲಮ್ಮನ ಹೆಣ್ಣುಮಕ್ಕಳ ನಿಧಾನ ಸೈಕಲ್

ದಾವಣಗೆರೆ,
ಎರಡನೆಯ ಮಿಕ್ಕದಿನ, 2174

ನೂರೈವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ, ಇಲ್ಲವೇ ಇಂಥದೇ ಇನ್ನೊಂದು ಊರಿನಲ್ಲಿ ಬದುಕುತ್ತಿರುವ ಹಿರಿಯರೇ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಅಂಥ ದಿನ ಇಲ್ಲವೆಂದು ನನಗೆ ಗೊತ್ತಿದೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಹಾಗೆ ಹಂಚಿದ ಮೇಲೆ ಐದು ದಿನ ಯಾವ ತಿಂಗಳಿಗೂ ಸೇರದೆ ಉಳಿದುಬಿಡುತ್ತವೆ. ಅವೇ ಮಿಕ್ಕದಿನಗಳು. ಅವನ್ನು ವರ್ಷದ ಯಾವ ಮೂಲೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಆಯಾ ಊರಿಗೆ ಬಿಟ್ಟದ್ದು. ನಮ್ಮೂರಿನವರು ಬೇಸಿಗೆಯ ಬಿಸಿಲು ಇಳಿದು ಮೊದಲ ಮೋಡ ಕಾಣಿಸುವ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಆ ಐದು ದಿನ ಕಚೇರಿ ಇಲ್ಲ, ಶಾಲೆ ಇಲ್ಲ. ಬರೀ ಆಟ, ಊಟ, ಕುಣಿತ, ಜಗಳ. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನವರಿಗೆಂದು ಬರೆದು, ಮೈದಾನದ ಬೇವಿನ ಮರದ ಕೆಳಗೆ ನಿಂತು ಗಟ್ಟಿಯಾಗಿ ಓದಿಬಿಡುವುದು. ತಲುಪುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನನ್ನ ಮಾತಿನಲ್ಲಿ ಅಲ್ಲೊಂದು ಇಲ್ಲೊಂದು ಪದ ನಿಮ್ಮ ಕಿವಿಗೆ ಹೊಸದಾಗಿ ಕೇಳಿಸಿದರೆ ಕ್ಷಮಿಸಿ. ಭಾಷೆ ನಿಮ್ಮದೇ. ಬಹಳ ಕೈ ದಾಟಿ ಬಂದಿದೆ, ಅಷ್ಟೇ.

ನನ್ನ ಹೆಸರು ಓಂಕಾರಮ್ಮ. ಈ ಊರಿನ ಮೈಕು ನನ್ನ ಕೈಯಲ್ಲಿದೆ. ಅಂದರೆ, ಮೈದಾನದಲ್ಲಿ ಏನೇ ನಡೆದರೂ ಅದನ್ನು ನೋಡುತ್ತ ನೋಡುತ್ತ ಹೇಳುವ ಕೆಲಸ ನನ್ನದು. ನಿಮ್ಮ ಕಾಲದ ಕಾಮೆಂಟ್ರಿ ಎಂದುಕೊಳ್ಳಿ. ನಮಗೂ ಜಗತ್ತಿನ ಆಟಗಳೆಲ್ಲ ಮನೆಯಲ್ಲೇ ಸಿಗುತ್ತವೆ. ಕಿವಿಗುಂಡು ಎಂಬುದೊಂದಿದೆ, ಕಡಲೆಯಷ್ಟು ಗಾತ್ರದ್ದು. ಅದನ್ನು ಕಿವಿಗಿಟ್ಟುಕೊಂಡರೆ ಯಾವ ದೇಶದ ಸಂಗೀತ ಬೇಕಾದರೂ ಪಕ್ಕದಲ್ಲೇ ಕೂತು ಹಾಡಿದಂತೆ ಕೇಳುತ್ತದೆ. ಆದರೂ ಸಂಜೆಯಾದರೆ ಜನ ಅದನ್ನು ತೆಗೆದು ಗೂಟಕ್ಕೆ ನೇತುಹಾಕಿ ಮೈದಾನದ ದಾರಿ ಹಿಡಿಯುತ್ತಾರೆ. ದೂರದ ದೊಡ್ಡ ಗವಾಯಿ ಎಷ್ಟೇ ಚೆನ್ನಾಗಿ ಹಾಡಲಿ, ಎದುರುಮನೆಯವನು ಹಾಡುವಾಗ ಎಲ್ಲಿ ತಪ್ಪುತ್ತಾನೆ ಎಂದು ಕಾಯುವ ಸುಖವೇ ಬೇರೆ.

ಮೈದಾನದ ಬಾಗಿಲಲ್ಲಿ ಸಂಜೆಗೋಡೆ ಇದೆ. ಆವತ್ತು ಊರಲ್ಲಿ ಏನೇನಿದೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಯಾರು ಬೇಕಾದರೂ ಬರೆಯಬಹುದು. ಮೊನ್ನೆ ಅದರ ಮೇಲೆ ಕುಸ್ತಿ ಇತ್ತು, ಕವಿಗೋಷ್ಠಿ ಇತ್ತು, ಹಳೆಯ ಸಿನಿಮಾ ಇತ್ತು, "ನಮ್ಮ ಎಮ್ಮೆ ಅವಳಿ ಕರು ಹಾಕಿದೆ, ನೋಡಲು ಬನ್ನಿ" ಎಂಬುದೂ ಇತ್ತು. ಕವಿಗೋಷ್ಠಿಗಿಂತ ಎಮ್ಮೆಯ ಮನೆಯ ಮುಂದೆಯೇ ಹೆಚ್ಚು ಜನ ಸೇರಿದ್ದರು. ಕವಿಗಳೂ ಅಲ್ಲೇ ಇದ್ದರು. ಬೀದಿಯ ಮೇಲೆಲ್ಲ ನೆರಳುಬಟ್ಟೆ ಕಟ್ಟಿದ್ದೇವೆ. ಬಿಸಿಲಿಗೆ ತಾನೇ ಬಿಚ್ಚಿಕೊಂಡು, ಸಂಜೆ ತಾನೇ ಮಡಚಿಕೊಳ್ಳುತ್ತದೆ. ಅದು ಮಡಚಿಕೊಳ್ಳುವ ಪಟಪಟ ಸದ್ದು ಕೇಳಿತೆಂದರೆ ಬೆಣ್ಣೆದೋಸೆಯ ಕಾವಲಿ ಕಾಯಲು ಶುರುವಾಯಿತೆಂದು ಅರ್ಥ. ಹೌದು, ಬೆಣ್ಣೆದೋಸೆ ಇನ್ನೂ ಇದೆ. ಮಂಡಕ್ಕಿ ಮೆಣಸಿನಕಾಯಿಯೂ ಇದೆ. ನೀವು ಚಿಂತೆ ಮಾಡಬೇಡಿ.

ನಿನ್ನೆ ನಮ್ಮ ನಿಧಾನ ಸೈಕಲ್ ಪಂದ್ಯ ನಡೆಯಿತು. ಅದನ್ನು ಹೇಳಲೆಂದೇ ಈ ಓಲೆ.

ನಿಧಾನ ಸೈಕಲ್ ನಿಮಗೂ ಗೊತ್ತಿರುವ ಆಟ. ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರು ಗೆದ್ದಂತೆ. ದಾರಿಯಲ್ಲಿ ಕಾಲು ನೆಲಕ್ಕಿಟ್ಟರೆ ಆಟದಿಂದ ಹೊರಗೆ. ನಮ್ಮ ಬಂಡಿಗಳೆಲ್ಲ ಈಗ ತಾವೇ ಓಡುತ್ತವೆ, ಸೈಕಲ್ಲನ್ನು ಯಾರೂ ಕೆಲಸಕ್ಕೆ ಬಳಸುವುದಿಲ್ಲ. ಆದರೆ ಈ ಒಂದು ಪಂದ್ಯಕ್ಕಾಗಿ ಮನೆಗೊಂದು ಸೈಕಲ್ಲು ಎಣ್ಣೆ ಹಚ್ಚಿಸಿಕೊಂಡು ಕೂತಿರುತ್ತದೆ. ಹ್ಯಾಂಡಲ್ಲಿಗೆ ಒಂದು ಪುಟ್ಟ ಮೈಕು ಕಟ್ಟುತ್ತೇವೆ. ಸವಾರರು ಉಸಿರು ಬಿಡುವುದು, ಗೊಣಗುವುದು, ದೇವರನ್ನು ಕರೆಯುವುದು, ಎಲ್ಲ ಮೈದಾನಕ್ಕೆ ಕೇಳಬೇಕು. ಅರ್ಧ ಮೋಜು ಅದರಲ್ಲೇ.

ಈ ಸಲ ಸರ್ವಮಂಗಳಮ್ಮ ಹೆಸರು ಕೊಟ್ಟಿದ್ದಾರೆಂದು ತಿಳಿದಾಗ ಊರೇ ಬೆರಗಾಯಿತು. ಸರ್ವಮಂಗಳಮ್ಮನ ಮಂಡಕ್ಕಿ ಹುರಿಯುವ ಭಟ್ಟಿ ನಮ್ಮ ಬೀದಿಯಲ್ಲೇ ಇದೆ. ಐವತ್ತೆಂಟರ ಹೆಂಗಸು. ನಡೆದು ಬಂದರೆ ನೆಲವೇ ದಾರಿ ಬಿಡುವಂಥ ಗತ್ತು. ಆಕೆಯ ತಂಗಿ ದಾಕ್ಷಾಯಣಿ ಎದುರುಮನೆಯಲ್ಲಿದ್ದಾಳೆ. ಊರಿಗೆಲ್ಲ ಆಕೆ ದಾಕ್ಷಿ. ಯಾರನ್ನು ಒಂದು ಸಲ ನೋಡಿದರೂ ಅವರ ಹಾಗೆಯೇ ನಡೆದು, ಮಾತಾಡಿ, ಸೀನಿ ತೋರಿಸುವ ಕಲಾವಿದೆ. ದಾಕ್ಷಿಯ ಮಿಮಿಕ್ರಿ ಇದೆಯೆಂದು ಸಂಜೆಗೋಡೆಯ ಮೇಲೆ ಬರೆದರೆ ಮೈದಾನದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ಅಕ್ಕ ತಂಗಿ ಮಾತು ಬಿಟ್ಟು ಆರು ವರ್ಷವಾಗಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನಾವು ತಿಳಿದಿದ್ದೆವು. ಆರು ವರ್ಷದ ಹಿಂದೆ ಒಂದು ಸಂಜೆ ದಾಕ್ಷಿ ವೇದಿಕೆಯ ಮೇಲೆ ಅಕ್ಕನನ್ನು ಮಾಡಿ ತೋರಿಸಿದಳು. ಸೊಂಟಕ್ಕೆ ಕೈಯಿಟ್ಟು ನಿಂತು, ಗಿರಾಕಿಗಳನ್ನು ಗದರಿಸುತ್ತ, ಮಾತಿಗೊಮ್ಮೆ "ಕೇಳಿಸ್ತೇನು?" ಎನ್ನುತ್ತ ಮಾಡಿದಾಗ ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಸರ್ವಮಂಗಳಮ್ಮ ಎದ್ದು ಸೀರೆ ಕೊಡವಿಕೊಂಡು ಹೊರಟುಹೋದರು. ಆವತ್ತಿನಿಂದ ಮೈದಾನಕ್ಕೆ ಬರಲಿಲ್ಲ, ತಂಗಿಯ ಜೊತೆ ಮಾತಾಡಲಿಲ್ಲ. ಇಬ್ಬರ ನಡುವೆ ಮಾತು ಸಾಗಿಸುತ್ತಿದ್ದವಳು ನಾನು. "ಓಂಕಾರಮ್ಮ, ಅವಳ ಒಲೆ ಮೇಲೆ ಹಾಲು ಉಕ್ಕತೈತೆ ಅಂತ ಅವಳಿಗೆ ಹೇಳು" ಎಂದು ಸರ್ವಮಂಗಳಮ್ಮ ನನಗೆ ಹೇಳುವುದು, ದಾಕ್ಷಿ ಆ ಮಾತನ್ನು ತನ್ನ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುವುದು, ನಾನು ಆದರೂ ಮತ್ತೊಮ್ಮೆ ಹೇಳುವುದು. ಹೀಗೆ ಹಾಲು ಎಷ್ಟೋ ಸಲ ಉಕ್ಕಿ ಹೋಗಿದೆ.

ಮಂಡಿ ನೋವಿಗೆ ಸೈಕಲ್ ತುಳಿಯಿರಿ ಎಂದು ವೈದ್ಯರು ಹೇಳಿದ್ದರಂತೆ. ಹೇಗೂ ತುಳಿಯುವುದು, ಪಂದ್ಯದಲ್ಲೇ ತುಳಿಯುತ್ತೇನೆ ಎಂದು ಸರ್ವಮಂಗಳಮ್ಮ ಬಂದರು. ಯಾರಿಗೆ ಯಾವ ಸಾಲು ಎಂದು ಚೀಟಿ ಎತ್ತಿದಾಗ ಅಕ್ಕ ತಂಗಿಗೆ ಅಕ್ಕಪಕ್ಕದ ಸಾಲೇ ಬಿತ್ತು. ನಡುವೆ ಒಂದೇ ಒಂದು ಸುಣ್ಣದ ಗೆರೆ. ಸಾಲು ಬದಲಿಸಿ ಎಂದು ಸರ್ವಮಂಗಳಮ್ಮ ಕೇಳಿದರು. ಹಾಗೆ ಮಾಡುವಂತಿಲ್ಲ ಎಂದರು ಪಂದ್ಯ ನಡೆಸುವ ಹಿರಿಯರು.

ಸೀಟಿ ಊದಿದ ಕೂಡಲೇ ಕೊಳಾಯಿ ರಿಪೇರಿಯ ಕೊಟ್ರೇಶಿ ಸರ್ರನೆ ಹೋಗಿ ಗೆರೆ ದಾಟಿಬಿಟ್ಟ. ಪ್ರತಿ ವರ್ಷ ಅವನದು ಇದೇ ಕಥೆ. ನಿಧಾನ ಎಂಬುದು ಅವನ ಮೈಯಲ್ಲೇ ಇಲ್ಲ. ಜನ ಚಪ್ಪಾಳೆ ತಟ್ಟಿ ಅವನನ್ನು ದೋಸೆ ತಿನ್ನಲು ಕಳಿಸಿದರು. ಉಳಿದವರು ಒಬ್ಬೊಬ್ಬರಾಗಿ ಓಲಾಡಿದರು, ಕಾಲಿಟ್ಟರು, ನಗುತ್ತ ಹೊರಗೆ ಬಂದರು. ಕೊನೆಗೆ ಸಾಲಿನಲ್ಲಿ ಉಳಿದದ್ದು ಎರಡೇ ಸೈಕಲ್ಲು. ಹಾಲಮ್ಮನ ಇಬ್ಬರು ಹೆಣ್ಣುಮಕ್ಕಳದು. ಹಾಲಮ್ಮ ಎಂದರೆ ಅವರ ತಾಯಿ. ಆ ಭಟ್ಟಿ ಕಟ್ಟಿದಾಕೆ, ಈಗಿಲ್ಲ.

ಸೈಕಲ್ಲುಗಳು ಇಂಚಿಂಚಾಗಿ ಸರಿಯುತ್ತಿದ್ದವು. ಒಮ್ಮೆ ನಿಂತೇಬಿಟ್ಟವು ಅನಿಸುತ್ತಿತ್ತು, ಮತ್ತೆ ಗಾಲಿ ಒಂದಿಷ್ಟು ಉರುಳುತ್ತಿತ್ತು. ನಾನು ಪಕ್ಕದಲ್ಲೇ ನಡೆಯುತ್ತ ಹೇಳುತ್ತಿದ್ದೆ. ಆಗ ದಾಕ್ಷಿ ತಿರುಗಿ ನೋಡದೆಯೇ ಅಂದಳು, "ಅಕ್ಕಾ, ಹ್ಯಾಂಡಲ್ ಅಷ್ಟು ಬಿಗಿ ಹಿಡೀಬ್ಯಾಡ. ಸ್ವಲ್ಪ ಸಡಿಲ ಬಿಡು."

"ಓಂಕಾರಮ್ಮ," ಅಂದರು ಸರ್ವಮಂಗಳಮ್ಮ, "ನನ್ನ ಹ್ಯಾಂಡಲ್ ನಾನು ನೋಡ್ಕಂತೀನಿ ಅಂತ ಅವಳಿಗೆ ಹೇಳು."

ನಾನು ಮೈಕಿನಲ್ಲೇ ಹೇಳಿದೆ. ಮೈದಾನ ನಕ್ಕಿತು.

"ಆರು ವರ್ಷ ಆತು," ಅಂದಳು ದಾಕ್ಷಿ. "ಒಂದು ನಗೆ ಆಟಕ್ಕೆ ಆರು ವರ್ಷ ಸಿಟ್ಟೇನಕ್ಕಾ?"

ಸರ್ವಮಂಗಳಮ್ಮ ಈ ಸಲ ನನ್ನನ್ನು ಕರೆಯಲಿಲ್ಲ. ಕಣ್ಣು ಮುಂದಿನ ಗಾಲಿಯ ಮೇಲೆ ನೆಟ್ಟೇ ಅಂದರು, "ನನ್ನ ಮಾಡಿ ನಗಿಸಿದ್ದಕ್ಕೆ ನನಗೇನು ಸಿಟ್ಟಿಲ್ಲ. ನೀನು ಆವತ್ತು ಮಾಡಿದ್ದು ನನ್ನನ್ನಲ್ಲ. ಸೊಂಟಕ್ಕೆ ಕೈ ಇಡೋದು, 'ಕೇಳಿಸ್ತೇನು' ಅನ್ನೋದು, ಅದೆಲ್ಲ ಅವ್ವಂದು. ನಾನು ಅವ್ವನಿಂದ ಕಲ್ತಿದ್ದು. ಅವ್ವ ಹೋಗಿ ಆಗಿನ್ನೂ ಒಂದೇ ತಿಂಗಳಾಗಿತ್ತು. ಇಡೀ ಊರು ಅವ್ವನ್ನ ನೋಡಿ ನಕ್ಕಿತು. ನನ್ನಿಂದ ಕೂತ್ಕಳಾಕೆ ಆಗ್ಲಿಲ್ಲ."

ನಾನು ಮೈಕನ್ನು ಬಾಯಿಂದ ಕೆಳಗಿಳಿಸಿದೆ. ಆದರೆ ಹ್ಯಾಂಡಲ್ಲಿನ ಮೈಕುಗಳು ಕೆಲಸ ಮಾಡುತ್ತಲೇ ಇದ್ದವು. ಇಬ್ಬರಿಗೂ ಅದು ನೆನಪಿರಲಿಲ್ಲವೋ, ಇದ್ದರೂ ಇರಲಿ ಅನಿಸಿತೋ ಕಾಣೆ.

"ನನಗೆ ಗೊತ್ತಿತ್ತು," ಅಂದಳು ದಾಕ್ಷಿ.

"ಗೊತ್ತಿದ್ದೂ ಮಾಡಿದ್ಯಾ?"

"ಗೊತ್ತಿದ್ದಕ್ಕೇ ಮಾಡ್ದೆ. ಅವ್ವ ಹೋದ ಮೇಲೆ ಒಂದಿನ ಕನ್ನಡಿ ಮುಂದೆ ಸೊಂಟಕ್ಕೆ ಕೈ ಇಟ್ಕಂಡು ನಿಂತೆ, ಸುಮ್ನೆ. ಅವ್ವ ಬಂದಂಗಾತು. ಒಬ್ಳೇ ನೋಡಾಕೆ ಆಗ್ಲಿಲ್ಲ ಕಣಕ್ಕ. ಎಲ್ರಿಗೂ ತೋರಿಸ್ಬೇಕು ಅನಿಸ್ತು. ಮೊದ್ಲು ನಿನಗೆ. ಅದಕ್ಕೇ ನಿನ್ನ ಮುಂದಿನ ಸಾಲಲ್ಲಿ ಕೂರಿಸಿದ್ದೆ. ನೀನು ನೋಡಿದ್ರೆ ಎದ್ದೇ ಹೋದಿ."

ಮೆಣಸಿನಕಾಯಿ ಕರಿಯುವವರು ಜಾಲರಿ ಎತ್ತಿ ಹಿಡಿದುಕೊಂಡೇ ನಿಂತಿದ್ದರು. ಎರಡು ಸೈಕಲ್ಲುಗಳ ಚೈನಿನ ಕಟಕಟ ಮಾತ್ರ ಕೇಳುತ್ತಿತ್ತು. ಸರ್ವಮಂಗಳಮ್ಮನ ಗಾಲಿ ನಡುಗಿತು. ಈಗ ಕಾಲಿಡುತ್ತಾರೆ, ಈಗ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಗಾಲಿಯನ್ನು ನೆಟ್ಟಗೆ ಮಾಡಿಕೊಂಡು, ಒಂದು ಕೈಯನ್ನು ಹ್ಯಾಂಡಲ್ಲಿನಿಂದ ಮೆಲ್ಲಗೆ ಬಿಡಿಸಿ ಸೊಂಟದ ಮೇಲಿಟ್ಟರು. ಆಮೇಲೆ ಅವರ ಬಾಯಿಂದ ಬಂದ ದನಿ ಅವರದಾಗಿರಲಿಲ್ಲ.

"ಏ ದಾಕ್ಷೀ! ಸೈಕಲ್ ಏರೋಕೆ ಮೊದ್ಲು ಒಂದು ತುತ್ತು ತಿಂದು ಹೋಗು ಅಂತ ಎಷ್ಟು ಸಲ ಬಡ್ಕಳ್ಲಿ? ಬಿದ್ರೆ ಎತ್ತಾಕೆ ನಿಮ್ಮಪ್ಪ ಬರ್ತಾನೇನು? ಕೇಳಿಸ್ತೇನು?"

ನಾನು ಹಾಲಮ್ಮನ ಭಟ್ಟಿಯ ಮುಂದೆ ಆಡಿ ಬೆಳೆದವಳು. ಅದು ಹಾಲಮ್ಮನದೇ ದನಿ. ಹಿಂದೆ ಕೂತಿದ್ದ ಮುದುಕರೊಬ್ಬರು "ಬಂದೆ ಹಾಲಮ್ಮ" ಎಂದು ಎದ್ದೇ ನಿಂತರು. ಊರನ್ನೆಲ್ಲ ಅನುಕರಿಸಿದ ದಾಕ್ಷಿಗೂ ಅಕ್ಕನಲ್ಲಿ ಈ ವಿದ್ಯೆ ಇದೆಯೆಂದು ಗೊತ್ತಿರಲಿಲ್ಲ. ಆಕೆ ಮೊದಲು ಬಾಯಿ ತೆರೆದು ನೋಡಿದಳು. ಆಮೇಲೆ ನಗು ಶುರುವಾಯಿತು. ಹೊಟ್ಟೆಯೊಳಗಿಂದ ಎದ್ದುಬಂದ ನಗು, ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅಳು ಬಂತು, ಹ್ಯಾಂಡಲ್ಲು ತಿರುಗಿತು, ಸೈಕಲ್ಲು ಸಮೇತ ಸುಣ್ಣದ ಗೆರೆಯ ಮೇಲೆ ಮಗುಚಿಕೊಂಡಳು.

ಮೈದಾನ ಹೋ ಎಂದಿತು. ಸರ್ವಮಂಗಳಮ್ಮ ಗೆದ್ದರು ಎಂದು ನಾನು ಮೈಕಿನಲ್ಲಿ ಕೂಗಿಯೂ ಬಿಟ್ಟೆ. ಅವರು ಸುಮ್ಮನೆ ಮುಂದೆ ಹೋಗಿ ಗೆರೆ ಮುಟ್ಟಿದ್ದರೆ ಸಾಕಿತ್ತು. ಆದರೆ ಅವರು ತಮ್ಮ ಸೈಕಲ್ಲನ್ನು ಅತ್ತ ಎಸೆದು, ಸೀರೆಯ ನೆರಿಗೆ ಎತ್ತಿ ಹಿಡಿದು, ತಂಗಿಯ ಹತ್ತಿರ ಓಡಿದರು.

"ಪೆಟ್ಟಾತೇನೆ? ಎಲ್ಲಿ ತೋರ್ಸು. ಮೊಣಕೈ ತೋರ್ಸು."

"ಇನ್ನೊಂದ್ಸಲ ಮಾಡಕ್ಕಾ," ಅಂದಳು ದಾಕ್ಷಿ ನೆಲದ ಮೇಲಿಂದಲೇ. "ಅವ್ವನ್ನ ಇನ್ನೊಂದ್ಸಲ ಮಾಡು."

ಹೀಗೆ ಇಬ್ಬರೂ ಕಾಲು ನೆಲಕ್ಕಿಟ್ಟಾಗಿತ್ತು. ಹಿರಿಯರು ಗುಂಪುಗೂಡಿ ಬಹಳ ಹೊತ್ತು ಚರ್ಚೆ ಮಾಡಿದರು. ಕಾಲು ಊರದೆ ಗೆರೆ ಮುಟ್ಟಿದವನು ಇಡೀ ಪಂದ್ಯದಲ್ಲಿ ಒಬ್ಬನೇ, ಕೊಟ್ರೇಶಿ. ನಿಧಾನ ಸೈಕಲ್ ಪಂದ್ಯದಲ್ಲಿ ಎಲ್ಲರಿಗಿಂತ ಜೋರಾಗಿ ಹೋದವನು ಗೆದ್ದಿದ್ದಾನೆಂದು ನಾನು ಮೈಕಿನಲ್ಲಿ ಹೇಳಬೇಕಾಯಿತು. ಅವನನ್ನು ದೋಸೆ ಅಂಗಡಿಯಿಂದ ಹೊತ್ತುಕೊಂಡೇ ತಂದರು. ಕೈತುಂಬ ಬೆಣ್ಣೆ, ಬಾಯಲ್ಲಿ ತುತ್ತು. ಯಾಕೆ ಹೊತ್ತಿದ್ದಾರೆಂದು ಅವನಿಗೆ ಗೊತ್ತೇ ಆಗಲಿಲ್ಲ. "ನಾನೇನೂ ಮಾಡಿಲ್ರಪ್ಪ, ಇಳಿಸ್ರಿ" ಎಂದು ಬೇಡಿಕೊಳ್ಳುತ್ತಿದ್ದ.

ಇವತ್ತು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಹೊಸ ಗಲಾಟೆ. ಅವ್ವ ಎಲೆಯಡಿಕೆ ಬಲಗಡೆ ಅಗಿಯುತ್ತಿದ್ದಳೋ ಎಡಗಡೆಯೋ ಎಂದು ಅಕ್ಕ ತಂಗಿ ಬಾಗಿಲಿಂದ ಬಾಗಿಲಿಗೆ ಜಗಳ ತೆಗೆದಿದ್ದಾರೆ. ನಡುವೆ ನನ್ನನ್ನು ಯಾರೂ ಕರೆಯುವುದಿಲ್ಲ. ಕೆಲಸ ಹೋಯಿತೆಂದು ನನಗೆ ಸ್ವಲ್ಪ ಬೇಸರವೂ ಆಗಿದೆ. ಸಂಜೆಗೋಡೆಯ ಮೇಲೆ ದಾಕ್ಷಿ ತಾನೇ ಬರೆದು ಬಂದಿದ್ದಾಳೆ: "ಇಂದು ಇಬ್ಬರು ಹಾಲಮ್ಮಂದಿರು." ಮಧ್ಯಾಹ್ನವೇ ಜನ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದಾರೆ.

ನಾನು ಇನ್ನು ಎದ್ದು ಮೈಕು ಸರಿಮಾಡಿಕೊಳ್ಳಬೇಕು. ಹೊರಡುವ ಮೊದಲು ಒಂದೇ ಕೋರಿಕೆ. ನಿಮ್ಮ ಕಾಲದ ದೊಡ್ಡ ಸಂಗತಿಗಳೆಲ್ಲ ನಮಗೆ ತಲುಪಿವೆ. ಯಾರು ಆಳಿದರು, ಯಾವ ಯಂತ್ರ ಬಂತು, ಎಲ್ಲ ಓದಿದ್ದೇವೆ. ಆದರೆ ನಿಮ್ಮ ಬೀದಿಯಲ್ಲಿ ಯಾರು ಯಾರನ್ನು ನಗಿಸುತ್ತಿದ್ದರು, ನಿಮ್ಮ ಊರಿನ ಹಾಡುಗಾರ ಯಾವ ಸಾಲಿನಲ್ಲಿ ತಪ್ಪುತ್ತಿದ್ದ ಎಂಬುದನ್ನು ಯಾರೂ ನಮಗೆ ಹೇಳಿಲ್ಲ. ಈ ಸಂಜೆ ನಿಮ್ಮ ಮೈದಾನದಲ್ಲಿ, ಶಾಲೆಯ ಅಂಗಳದಲ್ಲಿ, ಸರ್ಕಲ್ಲಿನಲ್ಲಿ ಏನೋ ಒಂದು ಇದ್ದೇ ಇರುತ್ತದೆ. ಚಿಕ್ಕದೆಂದು ಬಿಡಬೇಡಿ, ಹೋಗಿ. ಮುಂದೆಯೇ ಜಾಗ ಸಿಕ್ಕರೆ ಕೂತುಕೊಳ್ಳಿ. ಸ್ವಲ್ಪ ತಗ್ಗಿ ಕೂತರೆ ಉಪಕಾರವಾದೀತು, ನಿಮ್ಮ ಹಿಂದಿನ ಸಾಲಿನಲ್ಲಿ ನಾವೂ ಇದ್ದೇವೆ.

ನಿಮ್ಮ,
ಮೈಕಿನ ಓಂಕಾರಮ್ಮ